ಹಲಗೆಯ ಹಿಂದೆ

ಕೌಲ್ ಬಜಾರಿನಲ್ಲಿ ರೇಡಿಯೋ ರಿಪೇರಿಯ ವನ್ನೂರಸಾಬ,
ನಮ್ಮ ಅಬ್ಬಾ,
ಗಗನನೌಕೆ ಕಟ್ಟಿದ್ದು ಹನ್ನೊಂದು ದಿನದಲ್ಲಿ.
ನಾಟಕದ ಮೇಷ್ಟ್ರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು:
ಇಸವಿ ಎರಡು ಸಾವಿರದ ಇಪ್ಪತ್ತು. ಒಳಗೆ ಯಂತ್ರಗಳು.
ಯಾವ ಯಂತ್ರ ಅಂತ ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಪ್ಲೈವುಡ್ಡಿನ ಹಲಗೆಗೆ ಬೆಳ್ಳಿ ಬಣ್ಣ ಬಳಿದ.
ಸತ್ತ ರೇಡಿಯೋಗಳ ಹೊಟ್ಟೆಯಿಂದ ಮೂವತ್ತು ತಿರುಪು,
ಗುಜರಿ ಲಾರಿಯಿಂದ ವೇಗದ ಮುಳ್ಳು,
ಅದಿರು ತೂಗುವ ಕಾಟಾದಿಂದ ಗಾಜು ಬಿರಿದ ದುಂಡು ಮುಖ.
ಪ್ಯಾಂಟು ಹೊಲಿಯುವ ಮಾಬುನ್ನಿ ಒಂದು ಡಬ್ಬಿ
ಜೀನ್ಸಿನ ತಾಮ್ರದ ಗುಂಡಿ ಕೊಟ್ಟಳು;
ಅವು ನೌಕೆಯ ಮೈಗೆ ಹೊಡೆದ ರಿವೆಟ್ಟುಗಳಾದವು.
ಟಾರ್ಚಿನ ಬಲ್ಬುಗಳಿಗೆ ಪೆಪ್ಪರಮೆಂಟಿನ ಬಣ್ಣದ ಹಾಳೆ.
ಕೆಂಪು ಅಪಾಯ. ಹಸಿರು ಕ್ಷೇಮ.
ಹಳದಿ ಎಂದರೇನು ಅಂತ ಯಾರೂ ಕೇಳಲಿಲ್ಲ.

ಆಮೇಲೆ ತಂತಿ ಸಾಲಲಿಲ್ಲ.
ಮುಂದಿನ ತಿರುಪಿಗೂ ಹಿಂದಿನ ದೀಪಕ್ಕೂ ನಡುವೆ
ಏನೂ ಇರಲಿಲ್ಲ,
ನಾನಿದ್ದೆ.
ಒಂಬತ್ತು ವರ್ಷ, ಬಾಯಲ್ಲಿ ಜಡೆಯ ತುದಿ,
ಮಡಿಲಲ್ಲಿ ಹದಿನಾಲ್ಕು ಸ್ವಿಚ್ಚು.
ಕ್ಯಾಪ್ಟನ್ ಗಾದಿಲಿಂಗಪ್ಪ ಆ ಕಡೆ ತಿರುವಿದರೆ
ಈ ಕಡೆ ನಾನು ಹಚ್ಚಬೇಕು.
"ಕಣ್ಣು ಬ್ಯಾಡ, ಕಿವಿ ಇಡು" ಅಂದಿದ್ದ ಅಬ್ಬಾ,
"ಒಂದೊಂದಕ್ಕೂ ಒಂದೊಂದು ದನಿ ಐತಿ."

ಇತ್ತು.
ವಾಲ್ವಿನ ಕಾಲದ ದಪ್ಪ ತಿರುಪು ಗುಟುಕ್ ಎನ್ನುತ್ತಿತ್ತು,
ಗಂಟಲಲ್ಲಿ ನೀರು ಇಳಿದಂತೆ.
ಟ್ರಾನ್ಸಿಸ್ಟರಿನದು ಹಲ್ಲಿಗೆ ಸಿಕ್ಕ ಮರಳು.
ಬ್ಯಾಂಡು ಬದಲಿಸುವುದು ತಟಕ್, ತಟಕ್,
ಅಜ್ಜಿ ಅಡಿಕೆ ಕತ್ತರಿಸುವಾಗಿನ ಸಿಟ್ಟು.
ಕಾಟಾದ ಮುಳ್ಳಿಗೆ ಸದ್ದಿಲ್ಲ; ಅದರ ದಾರ
ನನ್ನ ಬಲಗಾಲಿನ ಹೆಬ್ಬೆರಳಿಗೆ ಕಟ್ಟಿತ್ತು.

ರೈಲ್ವೆ ಸ್ಟೇಷನ್ನಿನ ಹಿಂದೆ ತಗಡಿನ ಹಾಲು. ಏಪ್ರಿಲ್ಲು.
ಮೂರನೆಯ ಆಟ. ನೌಕೆ ಶುಕ್ರನನ್ನು ದಾಟಬೇಕು.
ದಾಟಲಿಲ್ಲ.
ಗಾದಿಲಿಂಗಪ್ಪನಿಗೆ ಮಾತು ಮರೆತಿತ್ತು.
ತಿರುಪು ತಿರುಗುತ್ತಿರಲಿಲ್ಲ, ಅದರ ಮೇಲಿಟ್ಟ ಕೈ ನಡುಗಿ
ಉಂಗುರ ತಗಡಿಗೆ ತಾಗುವ ಸದ್ದು ಮಾತ್ರ, ಕಿಣಿಕಿಣಿ.
ಹಾಲಿನಲ್ಲಿ ಯಾರೋ ಕೆಮ್ಮಿದರು.
ನಾನು ಹಳದಿ ಹಚ್ಚಿದೆ.

"ಹಳದಿ," ಅಂದ ಅವನು, ನಿಧಾನಕ್ಕೆ.
"ಹಳದಿ ಬಂದೈತಿ. ಆ ಕಡಿ ಯಾರೋ ಅದಾರ."

ಇದು ನಾಟಕದಲ್ಲಿ ಇರಲಿಲ್ಲ.
ಗಣಿಯಿಂದ ನೇರ ಬಂದು ಕೆಂಪು ಧೂಳಿನಲ್ಲೇ ಕೂತವರು
ಕೊನೆಯ ಸಾಲಿನಲ್ಲಿ ಬೀಡಿ ಕೆಳಗಿಳಿಸಿದರು.
ಅವನು ಬೆರಳ ಗೆಣ್ಣಿನಿಂದ ಹಲಗೆ ಬಡಿದ, ಎರಡು ಸಲ.
ನಾನೂ ಬಡಿದೆ, ಎರಡು ಸಲ.
ಹೆಬ್ಬೆರಳು ಎಳೆದೆ; ಮುಳ್ಳು ಮೇಲೆದ್ದು ನಡುಗುತ್ತ ನಿಂತಿತು.
"ಯಾರಲೇ ಅದು?" ಅಂತ ಕೂಗಿದ ಒಬ್ಬ, ಪೂರ್ತಿ ಹೆದರಿ.
ಕತ್ತಲಲ್ಲಿ ನನಗೂ ಒಂದು ಗಳಿಗೆ
ಯಾರು ಎಂದು ತಿಳಿಯಲಿಲ್ಲ.

ಮರುದಿನ ಮೇಷ್ಟ್ರು ಅದನ್ನು ಬರೆದು ಸೇರಿಸಿದರು.
ಬರೆದ ಮೇಲೆ ಅಷ್ಟು ಚೆನ್ನಾಗಿ ಬರಲಿಲ್ಲ.

ಇಸವಿ ಎರಡು ಸಾವಿರದ ಇಪ್ಪತ್ತು ಬಂತು.
ನಾವ್ಯಾರೂ ಎಲ್ಲಿಗೂ ಹೋಗಲಿಲ್ಲ,
ಬಾಗಿಲು ಹಾಕಿಕೊಂಡು ಒಳಗಿದ್ದೆವು.
ಆ ವರ್ಷವೇ ಅಂಗಡಿಯ ಅಟ್ಟ ತೆರವು ಮಾಡಿದ್ದು.
ಹಲಗೆ ಅಲ್ಲೇ ಇತ್ತು. ಪೆಪ್ಪರಮೆಂಟಿನ ಹಾಳೆ ಇರುವೆ ತಿಂದಿತ್ತು.
ದಪ್ಪ ತಿರುಪಿನ ಅಂಚಿನ ಗೀರುಗಳಲ್ಲಿ
ಗಾದಿಲಿಂಗಪ್ಪನ ಬೆವರೋ ಅಬ್ಬಾನ ಬೀಡಿಯ ಮಸಿಯೋ,
ಕಪ್ಪಗೆ, ಗಟ್ಟಿಯಾಗಿ.
ತಿರುವಿದೆ. ಗುಟುಕ್.

ಮೊಮ್ಮಗಳ ಫೋನಿನಲ್ಲಿ ಈಗ ಎಲ್ಲ ಇದೆ, ಶುಕ್ರನೂ.
ಹೆಬ್ಬೆರಳು ಜಾರುತ್ತದೆ, ಏನೂ ತಡೆಯುವುದಿಲ್ಲ.
ಒಳ್ಳೆಯದೇ. ನನ್ನ ತಕರಾರಿಲ್ಲ.

ನಿನ್ನೆ ಮಾತ್ರ, ಬ್ಯಾಂಕಿನ ಯಂತ್ರದ ಗಾಜು ಒತ್ತಿದೆ.
ಸದ್ದಿಲ್ಲ. ಮತ್ತೆ ಒತ್ತಿದೆ.
ದಯವಿಟ್ಟು ಕಾಯಿರಿ, ಅಂದಿತು.
ಕಾದೆ.
ಗೆಣ್ಣಿನಿಂದ ಅದರ ಪಕ್ಕೆಗೆ ಬಡಿದೆ, ಎರಡು ಸಲ.
ಕಾವಲಿನವನು ಪೇಪರಿನಿಂದ ತಲೆಯೆತ್ತಿದ.
ಚಪ್ಪಲಿಯೊಳಗೆ ಬಲಗಾಲಿನ ಹೆಬ್ಬೆರಳು
ತಾನಾಗಿಯೇ ಹಿಂದಕ್ಕೆ ಎಳೆಯಿತು.